ಬ್ಯಾಂಕಿನಲ್ಲಿ ಖಾತೆ ತೆರೆಯುವ ಕ್ರಮವೂ ಗುರುತಿನ ಪತ್ರಗಳ ರಕ್ಷಣೆಯೂ

(ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಗ್ರಾಮಮುಖಂಡರ ಮತ್ತು ಹಿಡುವಳಿದಾರರ ಗಮನಕ್ಕೆ)

ತೆಂಗಿನ ತೋಟಕ್ಕೆ ಬೇಕಾದ ಗೊಬ್ಬರ, ನೀರು, ಕೀಟನಿವಾರಣೆ ಮುಂತಾದ ವಿಷಯಗಳನ್ನು ತಿಳಿಸತಕ್ಕ ಈ ಪತ್ರಿಕೆಯಲ್ಲಿ ಬ್ಯಾಂಕಿನ ವಿಚಾರವೇತಕ್ಕೆಂದು ಕೆಲವರು ಕೇಳಬಹುದು. ಕಾಯಿಯನ್ನು ಇಳಿಸಿ, ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಕಾದು, ಸುಲಿದು, ಕರಟವನ್ನೊಡೆದು, ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಸಾಗಿಸುವ ಪರ್ಯಂತ ರೈತನು ಪಡತಕ್ಕ ಶ್ರಮವು ಎಲ್ಲರಿಗೂ ತಿಳಿದೇ ಇದೆ. ಆ ಶ್ರಮದ ಫಲವು ಈಗಿನ ಕಾಲದಲ್ಲಿ ಬಹುಮಟ್ಟಿಗೆ ರೊಕ್ಕವಾಗಿ ಸೆರಗಿಗೆ ಬೀಳುವುದಿಲ್ಲ. ಬ್ಯಾಂಕಿನ ಖಾತೆಗೆ ಬಂದು ಸೇರುತ್ತದೆ. 2025ನೆಯ ಹಂಗಾಮಿಗೆ ಕೇಂದ್ರ ಸರ್ಕಾರದವರು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆಯು ಕ್ವಿಂಟಾಲ್ ಒಂದಕ್ಕೆ 12,100 ರೂಪಾಯಿಗಳು. ಆ ದರದಲ್ಲಿಯೇ ಲೆಕ್ಕ ಹಾಕಿದರೂ ಇಪ್ಪತ್ತು ಕ್ವಿಂಟಾಲ್ ಕೊಬ್ಬರಿಯ ಬೆಲೆಯು 2,42,000 ರೂಪಾಯಿಗಳಾಗುತ್ತದೆ. ಇಷ್ಟು ಮೊಬಲಗು ಒಂದು ಖಾತೆಯಲ್ಲಿರುವಾಗ ಆ ಖಾತೆಯ ಬಾಗಿಲು ಭದ್ರವಾಗಿದೆಯೇ ಎಂದು ನೋಡಿಕೊಳ್ಳುವುದು ಸಹ ಬೇಸಾಯದ ಒಂದು ಭಾಗವೇ ಸರಿ.

ಖಾತೆಯೆಂದೊಡನೆ ನಮ್ಮವರಿಗೆ ಜಮೀನಿನ ಖಾತೆಯು ನೆನಪಿಗೆ ಬರುವುದು ಸಹಜ. ಇಲ್ಲಿ ಹೇಳತಕ್ಕದ್ದು ಬ್ಯಾಂಕಿನ ಉಳಿತಾಯ ಖಾತೆಯ ವಿಷಯ. ಆದರೂ ಇವೆರಡಕ್ಕೂ ಒಂದು ಹೋಲಿಕೆಯುಂಟು. ಜಮೀನಿನ ಖಾತೆಯನ್ನು ಪರರ ಹೆಸರಿಗೆ ಬದಲಾಯಿಸುವ ಕಾಗದವನ್ನು ಓದದೆ ಯಾವ ರೈತನೂ ಹೆಬ್ಬೆಟ್ಟು ಒತ್ತುವುದಿಲ್ಲ. ಬ್ಯಾಂಕಿನ ಖಾತೆಯ ವಿಷಯದಲ್ಲಿಯೂ ಅದೇ ಎಚ್ಚರಿಕೆಯಿರಬೇಕೆಂಬುದೇ ಈ ಲೇಖನದ ತಾತ್ಪರ್ಯ.

ಹಿಂದಿನ ಗುರುತು, ಈಗಿನ ಗುರುತು

1913ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಬ್ಯಾಂಕು ಸ್ಥಾಪಿತವಾಯಿತು. ಆ ಬಳಿಕ ಬಹುಕಾಲದವರೆಗೂ ಬ್ಯಾಂಕಿನವರು ಹೊಸಬನನ್ನು ಅರಿತುಕೊಳ್ಳುತ್ತಿದ್ದುದು ಪರಿಚಿತರ ಮಾತಿನಿಂದ. ಅದಾಗಲೇ ಖಾತೆಯುಳ್ಳ ಒಬ್ಬರು, ಇಂಥವರನ್ನು ನಾನು ಬಲ್ಲೆನೆಂದು ರುಜು ಹಾಕಿದರೆ ಕೆಲಸವಾಗುತ್ತಿತ್ತು. ಊರಿನ ಯಜಮಾನರ ಮಾತೇ ಮನುಷ್ಯನ ಗುರುತಾಗಿತ್ತು. ಈಗ ಆ ಸ್ಥಾನಕ್ಕೆ ಕಾಗದವೂ ಅಂಕಿಯೂ ಬೆರಳಿನ ಗುರುತೂ ಬಂದಿವೆ. ಇದರಿಂದ ಪರಊರಿನಲ್ಲಿಯೂ ಬಡವನು ತಾನು ಇಂಥವನೆಂದು ತೋರಿಸಿಕೊಳ್ಳಬಲ್ಲನೆಂಬುದು ದೊಡ್ಡ ಅನುಕೂಲವೇ. ಆದರೆ ಪರಿಚಯಸ್ಥನ ಮಾತನ್ನು ಯಾರೂ ಕದಿಯಲಾರರು; ಅಂಕಿಯನ್ನೂ ಬೆರಳಿನ ಅಚ್ಚನ್ನೂ ಕದಿಯಬಲ್ಲರು. ಹಾಗೆ ಕದ್ದವನು ಬ್ಯಾಂಕಿನ ಎದುರಿಗೆ ಆ ಮನುಷ್ಯನೇ ಆಗಿ ನಿಲ್ಲುತ್ತಾನೆ.

ಕ್ರಯಪತ್ರದಿಂದ ಹೋದ ಹಣ

ಇದು ಕೇವಲ ಊಹೆಯಲ್ಲ. 2023ನೆಯ ಇಸವಿಯಲ್ಲಿ ಬೆಂಗಳೂರು, ಮಂಗಳೂರು ಮೊದಲಾದ ಕಡೆಗಳಲ್ಲಿ ಆಸ್ತಿಯ ಕ್ರಯಪತ್ರಗಳನ್ನು ನೋಂದಣಿ ಮಾಡಿಸಿಕೊಂಡಿದ್ದ ಅನೇಕರ ಬ್ಯಾಂಕ್ ಖಾತೆಗಳಿಂದ ಅವರಿಗೆ ತಿಳಿಯದಂತೆಯೇ ಹಣವು ಹೋಯಿತು. ಅವರು ಯಾರಿಗೂ ಗುಪ್ತಸಂಖ್ಯೆಯನ್ನು ಹೇಳಿರಲಿಲ್ಲ, ಕಾರ್ಡನ್ನು ಕೊಟ್ಟಿರಲಿಲ್ಲ. ವಂಚಕರು ನೋಂದಾಯಿತ ಪತ್ರಗಳ ಪ್ರತಿಗಳನ್ನು ಪಡೆದು, ಅವುಗಳಲ್ಲಿದ್ದ ಆಧಾರ್ ಸಂಖ್ಯೆಯನ್ನೂ ಬೆರಳಿನ ಗುರುತನ್ನೂ ತೆಗೆದುಕೊಂಡು, ಕೃತಕ ಬೆರಳಚ್ಚನ್ನು ತಯಾರಿಸಿದ್ದರೆಂದು ವಿಚಾರಣೆಯಿಂದ ತಿಳಿದುಬಂದಿತು. ಆ ವರ್ಷದ ಅಕ್ಟೋಬರಿನಲ್ಲಿ ಮಂಗಳೂರಿನ ಪೊಲೀಸಿನವರು ಈ ಸಂಬಂಧವಾಗಿ ಬಿಹಾರ ಪ್ರಾಂತ್ಯದ ಕೆಲವರನ್ನು ಬಂಧಿಸಿದರು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿದುಕೊಳ್ಳುವುದು ಅವಶ್ಯ. ಹಳ್ಳಿಗಳಲ್ಲಿ ಬ್ಯಾಂಕಿನ ಪ್ರತಿನಿಧಿಗಳು ಒಂದು ಸಣ್ಣ ಯಂತ್ರವನ್ನಿಟ್ಟುಕೊಂಡು ಹಣ ಕೊಡುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಚೆಕ್ಕು ಬೇಡ, ಕಾರ್ಡು ಬೇಡ, ಗುಪ್ತಸಂಖ್ಯೆಯೂ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಿನ ಗುರುತು ಈ ಮೂರೂ ಸರಿಹೊಂದಿದರೆ ಒಂದಾವರ್ತಿಗೆ 10,000 ರೂಪಾಯಿಗಳವರೆಗೆ ಹಣವನ್ನು ತೆಗೆಯಬಹುದು. ಓದು ಬಾರದವರಿಗೂ ವೃದ್ಧರಿಗೂ ಇದು ಬಹಳ ಉಪಕಾರಿಯಾದ ಏರ್ಪಾಡು. ಆದರೆ ಈ ಮೂರರಲ್ಲಿ ಎರಡು ಒಂದೇ ಕಾಗದದಲ್ಲಿ ಪರರ ಕೈಗೆ ಸಿಕ್ಕಿದರೆ ಮೂರನೆಯದನ್ನು ಊಹಿಸುವುದು ಕಷ್ಟವಲ್ಲ.

ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ಕೀಟವನ್ನು ತಾವೆಲ್ಲರೂ ಬಲ್ಲಿರಿ. ಅದು ಮುಚ್ಚಿದ ಸುಳಿಯನ್ನು ಹೊಕ್ಕು ತಿಂದುಹೋದ ದಿನ ಯಾರಿಗೂ ಕಾಣುವುದಿಲ್ಲ. ಗರಿಯು ಬಿಚ್ಚಿಕೊಂಡಾಗ ಕತ್ತರಿಸಿದಂತೆ ತೋರುವುದು. ಗುರುತಿನ ಪತ್ರದ ದುರುಪಯೋಗವೂ ಅಂಥಾದ್ದೇ. ಪ್ರತಿ ಕೊಟ್ಟ ದಿನ ಏನೂ ಆಗುವುದಿಲ್ಲ; ತಿಂಗಳುಗಳು ಕಳೆದ ಮೇಲೆ ನಷ್ಟವು ಗೋಚರಿಸುತ್ತದೆ. ಗುಪ್ತಸಂಖ್ಯೆಯನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗುವುದಿಲ್ಲ. ಆದಕಾರಣ ಮೊದಲೇ ಕಾಪಾಡಿಕೊಳ್ಳುವುದೊಂದೇ ಉಪಾಯ.

ಬ್ಯಾಂಕಿನವರು ಕೇಳಬಹುದಾದುದು ಯಾವುದು?

ಖಾತೆ ತೆರೆಯಲು ಬಂದವರ ಗುರುತನ್ನೂ ವಾಸಸ್ಥಳವನ್ನೂ ಪರಿಶೀಲಿಸಬೇಕಾದುದು ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕಿನವರ ಕರ್ತವ್ಯ. ಇದಕ್ಕಾಗಿ ಅವರು ಪತ್ರಗಳನ್ನು ಕೇಳಿದರೆ ಸಂದೇಹಪಡಬೇಕಾದ್ದಿಲ್ಲ. ಮತದಾರರ ಗುರುತಿನ ಚೀಟಿ, ವಾಹನ ಚಾಲನೆಯ ಪರವಾನಗಿ, ಪಾಸ್‌ಪೋರ್ಟ್, ಆಧಾರ್ ಇವೇ ಮೊದಲಾದವು ಅಂಗೀಕೃತ ಪತ್ರಗಳು. ಇದರೊಂದಿಗೆ ಇತ್ತೀಚಿನ ಭಾವಚಿತ್ರವೂ ಪ್ಯಾನ್ ಸಂಖ್ಯೆಯೂ, ಪ್ಯಾನ್ ಇಲ್ಲದವರಿಂದ ಅದಕ್ಕೆ ಬದಲಾಗಿ ಒಂದು ಘೋಷಣಾಪತ್ರವೂ ಬೇಕಾಗುತ್ತದೆ. ಬಡವರು ಮೂಲ ಉಳಿತಾಯ ಖಾತೆಯನ್ನು ತೆರೆಯಬಹುದು. ಅದರಲ್ಲಿ ಇಷ್ಟೇ ಹಣ ಉಳಿದಿರಬೇಕೆಂಬ ಕಟ್ಟುಪಾಡಿಲ್ಲ.

ಆಧಾರಿನ ವಿಷಯದಲ್ಲಿ ಕಾನೂನಿನ ಸ್ಥಿತಿಯನ್ನು ಮುಖಂಡರು ತಿಳಿದಿರುವುದು ಒಳ್ಳೆಯದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು 2017ರ ಆಗಸ್ಟ್ 24ರಂದು, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಅದೇ ವ್ಯಾಜ್ಯದ ಮುಂದುವರಿಕೆಯಲ್ಲಿ 2018ರ ಸೆಪ್ಟೆಂಬರ್ 26ರಂದು, ಪ್ರತಿಯೊಂದು ಬ್ಯಾಂಕ್ ಖಾತೆಗೂ ಆಧಾರನ್ನು ಕಡ್ಡಾಯವಾಗಿ ಜೋಡಿಸಬೇಕೆಂಬ ನಿಯಮವು ರದ್ದಾಯಿತು. ಈಗ ಸರ್ಕಾರದ ಸಹಾಯಧನವನ್ನು ಆ ಖಾತೆಗೆ ಪಡೆಯಬೇಕೆನ್ನುವವರು ಆಧಾರ್ ಸಂಖ್ಯೆಯನ್ನು ಒದಗಿಸಬೇಕು. ಉಳಿದವರು ಒದಗಿಸುವುದು ಅವರ ಇಚ್ಛೆಗೆ ಸೇರಿದ್ದು. ಆಧಾರಿನ ಪ್ರತಿಯನ್ನು ಕೇವಲ ಗುರುತಿಗಾಗಿ ಕೊಡುವಾಗ ಅದರ ಸಂಖ್ಯೆಯನ್ನು ಮರೆಮಾಡಿ ಕೊಡತಕ್ಕದ್ದೆಂದು ರಿಸರ್ವ್ ಬ್ಯಾಂಕಿನವರೇ ವಿಧಿಸಿದ್ದಾರೆ. ಮೊದಲ ಎಂಟು ಅಂಕಿಗಳು ಮರೆಯಾಗಿ ಕಡೆಯ ನಾಲ್ಕು ಮಾತ್ರ ಕಾಣುವ ಪ್ರತಿಯನ್ನು ಆಧಾರ್ ಪ್ರಾಧಿಕಾರದವರ ಜಾಲತಾಣದಿಂದ ಪಡೆದುಕೊಳ್ಳಬಹುದು.

ನಮ್ಮ ಸೀಮೆಯ ರೈತರಲ್ಲಿ ಬಹುಮಂದಿಗೆ ಆಧಾರ್ ಜೋಡಣೆಯಾದ ಒಂದು ಖಾತೆಯಂತೂ ಬೇಕೇ ಬೇಕು. ಬೆಂಬಲ ಬೆಲೆಯ ಖರೀದಿಗೆ ಬೇಕಾದ ಫ್ರೂಟ್ಸ್ ನೋಂದಣಿಯಲ್ಲಿ ರೈತನ ಹೆಸರು, ಸರ್ವೆ ನಂಬರು, ಆಧಾರ್, ಬ್ಯಾಂಕ್ ಖಾತೆ ಇವೆಲ್ಲವೂ ಒಂದುಗೂಡಿರುತ್ತವೆ. ಪ್ರಧಾನಮಂತ್ರಿ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿಗಳು ಆಧಾರ್ ಜೋಡಣೆಯಾದ ಖಾತೆಗೇ ಬರುತ್ತವೆ. ಆದುದರಿಂದ ಆಧಾರನ್ನು ಕೊಡಲೇಬೇಡಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಯಾರಿಗೆ, ಏತಕ್ಕಾಗಿ, ಎಷ್ಟು ಎಂಬುದನ್ನು ತಿಳಿದು ಕೊಡಬೇಕೆಂಬುದೇ ಉದ್ದೇಶ.

ಖಾತೆ ತೆರೆಯುವಾಗ ಅನುಸರಿಸತಕ್ಕ ಕ್ರಮ

1. ಸಾಧ್ಯವಾದ ಮಟ್ಟಿಗೆ ತಾವೇ ಶಾಖೆಗೆ ಹೋಗತಕ್ಕದ್ದು. ಸಂತೆಯಲ್ಲಿಯೋ ಜಾತ್ರೆಯಲ್ಲಿಯೋ ಮೇಜು ಹಾಕಿಕೊಂಡು ಕುಳಿತವರ ಬಳಿ ಖಾತೆ ತೆರೆಯುವುದಾದರೆ, ಅವರು ಯಾವ ಶಾಖೆಗೆ ಸೇರಿದವರೆಂದು ಕೇಳಿ, ಆ ಶಾಖೆಯಲ್ಲಿ ವಿಚಾರಿಸಿಕೊಂಡ ಮೇಲೆ ಪತ್ರಗಳನ್ನು ಕೊಡಬೇಕು.

2. ಮೂಲಪತ್ರಗಳನ್ನು ತೋರಿಸಿ ಒಡನೆಯೇ ಹಿಂದಕ್ಕೆ ಪಡೆಯತಕ್ಕದ್ದು. ಪ್ರತಿಯ ಮೇಲೆ, ಅಕ್ಷರಗಳು ಸ್ವಲ್ಪ ಹಾದುಹೋಗುವಂತೆ, "ಇಂಥಾ ಬ್ಯಾಂಕಿನ ಇಂಥಾ ಶಾಖೆಯಲ್ಲಿ ಖಾತೆ ತೆರೆಯುವುದಕ್ಕೆ ಮಾತ್ರ" ಎಂದು ಬರೆದು, ತಾರೀಖು ಹಾಕಿ ರುಜು ಮಾಡಬೇಕು. ಹೀಗೆ ಬರೆದ ಪ್ರತಿಯನ್ನು ಬೇರೆ ಕಡೆ ಉಪಯೋಗಿಸುವುದು ಕಷ್ಟ.

3. ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟುಹೋದ ಪ್ರತಿಗಳನ್ನು ಅಲ್ಲಿಯೇ ಬಿಟ್ಟುಬರಕೂಡದು. ಕಂಪ್ಯೂಟರ್ ಕೇಂದ್ರದಲ್ಲಿ ಪತ್ರಗಳನ್ನು ಏರಿಸಿದರೆ, ಕೆಲಸ ಮುಗಿದೊಡನೆ ಅವನ್ನು ಎದುರಿನಲ್ಲಿಯೇ ಅಳಿಸಿಹಾಕುವಂತೆ ಕೇಳಬೇಕು.

4. ಅರ್ಜಿಯಲ್ಲಿ ಬರೆಯತಕ್ಕ ಮೊಬೈಲ್ ಸಂಖ್ಯೆಯು ತಮ್ಮದೇ ಆಗಿರಬೇಕು. ಇಲ್ಲವೇ ಮನೆಯೊಳಗಿನ ನಂಬಿಕಸ್ಥರದಾಗಿರಬೇಕು. ಮಂಡಿಯವರ ಸಂಖ್ಯೆಯನ್ನಾಗಲಿ, ಅರ್ಜಿ ಬರೆದುಕೊಟ್ಟ ಹುಡುಗನ ಸಂಖ್ಯೆಯನ್ನಾಗಲಿ ಹಾಕಿಸಕೂಡದು. ಹಣ ಬಂದ, ಹೋದ ಸುದ್ದಿಯೂ ಓ.ಟಿ.ಪಿ. ಎಂಬ ಒಂದಾವರ್ತಿಯ ಗುಪ್ತಸಂಖ್ಯೆಯೂ ಬರುವುದು ಆ ಸಂಖ್ಯೆಗೇ. ಹಣ ತುಂಬದೆ ನಿಂತುಹೋದ ಮೊಬೈಲ್ ಸಂಖ್ಯೆಯು ಕೆಲವು ಕಾಲದ ಮೇಲೆ ಬೇರೊಬ್ಬರ ಪಾಲಾಗುತ್ತದೆಯಾದ್ದರಿಂದ, ಸಂಖ್ಯೆಯನ್ನು ಬಿಟ್ಟ ದಿನವೇ ಬ್ಯಾಂಕಿಗೂ ಆಧಾರಿಗೂ ಹೊಸದನ್ನು ಬರೆಸಬೇಕು.

5. ಬರೆಯದ ಜಾಗಗಳಿರುವ ಅರ್ಜಿಗೆ ರುಜು ಹಾಕಕೂಡದು. ವಿಮೆ, ಸಾಲ ಮುಂತಾದವುಗಳಿಗೆ ಒಪ್ಪಿಗೆ ಕೊಟ್ಟಂತಾಗುವ ಕಲಮುಗಳು ಅದರಲ್ಲಿರಬಹುದು. ಓದು ಬಾರದವರು ಓದಿಸಿ ಕೇಳಿಕೊಳ್ಳಬೇಕು.

6. ವಾರಸುದಾರರ ನಾಮನಿರ್ದೇಶನವನ್ನು ತಪ್ಪದೆ ಮಾಡಿಸಬೇಕು. 2025ರ ನವೆಂಬರ್ 1ರಿಂದ ನಾಲ್ಕು ಮಂದಿಯವರೆಗೆ ಹೆಸರಿಸಲು ಅವಕಾಶವಿದೆ. ಯಜಮಾನನು ತೀರಿಕೊಂಡ ಮೇಲೆ ಮನೆಯವರು ದಾಖಲೆಗಳ ಗಂಟನ್ನು ಹೊತ್ತು ಹತ್ತಾರು ಜನರ ಬಳಿಗೆ ಅಲೆಯುವುದು ಇದರಿಂದ ತಪ್ಪುತ್ತದೆ.

ಎರಡನೆಯ ಖಾತೆಯ ತೊಡಕು

ಒಬ್ಬರಿಗೆ ಎರಡು ಮೂರು ಬ್ಯಾಂಕುಗಳಲ್ಲಿ ಖಾತೆಯಿರಬಹುದು. ಆದರೆ ಆಧಾರ್ ಮೂಲಕ ಬರುವ ಸರ್ಕಾರದ ಹಣವು ಅವುಗಳಲ್ಲಿ ಒಂದಕ್ಕೆ ಮಾತ್ರ ಸೇರುತ್ತದೆ. ಕಡೆಯಲ್ಲಿ ಯಾವುದಕ್ಕೆ ಜೋಡಣೆಯಾಯಿತೋ ಅದಕ್ಕೆ. ಹೊಸ ಖಾತೆಯ ಅರ್ಜಿಯಲ್ಲಿ ಜೋಡಣೆಗೆ ಒಪ್ಪಿಗೆಯ ಗುರುತು ಹಾಕಿದರೆ ಸಹಾಯಧನವು ಹಳೆಯ ಖಾತೆಯನ್ನು ಬಿಟ್ಟು ಹೊಸದಕ್ಕೆ ಹೋಗುತ್ತದೆ. 2017ರಲ್ಲಿ ದೂರವಾಣಿ ಸಂಸ್ಥೆಯೊಂದಕ್ಕೆ ಸೇರಿದ ಪಾವತಿ ಬ್ಯಾಂಕಿನಲ್ಲಿ, ಮೊಬೈಲ್ ಸಂಪರ್ಕಕ್ಕೆಂದು ಹೆಬ್ಬೆಟ್ಟು ಕೊಟ್ಟ ಜನರ ಹೆಸರಿನಲ್ಲಿ ಅವರಿಗೆ ಸರಿಯಾಗಿ ತಿಳಿಯದೆಯೇ ಖಾತೆಗಳು ತೆರೆದು, ಅವರ ಅಡಿಗೆ ಅನಿಲದ ಸಹಾಯಧನವೆಲ್ಲ ಅಲ್ಲಿಗೆ ಹೋಯಿತು. ಆಧಾರ್ ಪ್ರಾಧಿಕಾರದವರು ಮಧ್ಯೆ ಪ್ರವೇಶಿಸಬೇಕಾಯಿತು. ನಿಂತುಹೋದ ಹಣಕ್ಕಾಗಿ ಕಚೇರಿಗಳಿಗೆ ಅಲೆಯುವ ಮುನ್ನ, ತಮ್ಮ ಆಧಾರ್ ಈಗ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೆಂದು ಬ್ಯಾಂಕಿನಲ್ಲಿಯೋ ಆಧಾರ್ ಜಾಲತಾಣದಲ್ಲಿಯೋ ನೋಡಿಕೊಳ್ಳತಕ್ಕದ್ದು.

ಬೆರಳಿಗೆ ಬೀಗ

ಕ್ರಯಪತ್ರದ ಮೋಸಕ್ಕೆ ನೇರವಾದ ಪರಿಹಾರವೊಂದುಂಟು. ಆಧಾರಿನಲ್ಲಿರುವ ಬೆರಳಿನ ಹಾಗೂ ಕಣ್ಣಿನ ಗುರುತುಗಳನ್ನು ಯಾರೂ ಉಪಯೋಗಿಸದಂತೆ ಬೀಗ ಹಾಕಿಡಬಹುದು. ಆಧಾರ್ ಜಾಲತಾಣದಲ್ಲಿಯೋ ಮೊಬೈಲಿನ ಆಧಾರ್ ಅನ್ವಯದಲ್ಲಿಯೋ ಇದನ್ನು ಮಾಡಬಹುದು; ಮೊಬೈಲ್ ಸಂಖ್ಯೆಯು ಆಧಾರಿನಲ್ಲಿ ದಾಖಲಾಗಿರಬೇಕಾದುದು ಮುಖ್ಯ. ಬೀಗ ಹಾಕಿದ ಮೇಲೆ ಕೃತಕ ಬೆರಳಚ್ಚಿನಿಂದಲೂ ಹಣ ತೆಗೆಯಲಾಗುವುದಿಲ್ಲ. ನ್ಯಾಯಬೆಲೆಯ ಅಂಗಡಿಯಲ್ಲಿಯೋ ನೋಂದಣಿಯಲ್ಲಿಯೋ ಹೆಬ್ಬೆಟ್ಟು ಕೊಡಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬೇಕು. ಅಂಕಿಗಳ ಹಣದ ಯಂತ್ರವನ್ನೂ ಚೆಕ್ಕನ್ನೂ ಬಳಸುವ ಹಿಡುವಳಿದಾರರು ಬೀಗ ಹಾಕಿಡುವುದೇ ಲೇಸು. ಹೆಬ್ಬೆಟ್ಟಿನಿಂದಲೇ ಹಣ ತೆಗೆಯುವ ವೃದ್ಧರು, ದೊಡ್ಡ ಮೊಬಲಗನ್ನು ಆಧಾರ್ ಜೋಡಣೆಯಿಲ್ಲದ ಬೇರೆ ಖಾತೆಯಲ್ಲಿಟ್ಟು, ಜೋಡಣೆಯಾದ ಖಾತೆಯಲ್ಲಿ ಖರ್ಚಿಗೆ ಬೇಕಾದಷ್ಟನ್ನು ಮಾತ್ರ ಇರಿಸಬಹುದು.

ಹೆಬ್ಬೆಟ್ಟಿನ ಯಂತ್ರದ ಮುಂದೆ, "ಬೆರಳು ಸರಿಯಾಗಿ ಬೀಳಲಿಲ್ಲ, ಮತ್ತೊಮ್ಮೆ ಇಡು" ಎಂದು ಹೇಳಿ ಎರಡು ಸಲ ಹಣ ತೆಗೆಯುವ ದುಷ್ಟರೂ ಇರುತ್ತಾರೆ. ಪ್ರತಿ ಸಲವೂ ರಸೀತಿಯನ್ನು ಕೇಳಿ ಪಡೆಯುವುದೂ ತಿಂಗಳಿಗೊಮ್ಮೆ ಪಾಸ್‌ಬುಕ್ಕನ್ನು ತುಂಬಿಸುವುದೂ ಇದಕ್ಕೆ ಮದ್ದು.

ಕೊಡಬಹುದಾದುದು, ಕೊಡಬಾರದುದು

ಕೊಬ್ಬರಿಯ ಹಣವನ್ನು ಜಮಾ ಮಾಡುವುದಕ್ಕೆ ವರ್ತಕನಿಗೆ ಬೇಕಾದುದು ಖಾತೆದಾರನ ಹೆಸರು, ಖಾತೆಯ ಸಂಖ್ಯೆ, ಶಾಖೆಯ ಐ.ಎಫ್.ಎಸ್.ಸಿ. ಸಂಕೇತ ಇಷ್ಟೇ. ಇವುಗಳಿಂದ ಹಣ ಒಳಗೆ ಬರುವುದೇ ವಿನಾ ಹೊರಗೆ ಹೋಗುವುದಿಲ್ಲ. ಹಣವನ್ನು ಪಡೆಯುವುದಕ್ಕೆ ಓ.ಟಿ.ಪಿ. ಆಗಲಿ, ಗುಪ್ತಸಂಖ್ಯೆಯಾಗಲಿ, ಕಾರ್ಡಿನ ಹಿಂಬದಿಯ ಮೂರು ಅಂಕಿಗಳಾಗಲಿ ಎಂದಿಗೂ ಬೇಕಾಗುವುದಿಲ್ಲ. ಹಣ ಕೊಡುತ್ತೇನೆಂದು ಹೇಳಿ ಇವುಗಳನ್ನು ಕೇಳುವವನು ಹಣ ತೆಗೆಯಲು ಬಂದವನೆಂದೇ ತಿಳಿಯಬೇಕು.

ಬ್ಯಾಂಕುಗಳ ಹೆಸರು ಬದಲಾದ ಸಂದರ್ಭವನ್ನೂ ವಂಚಕರು ಬಳಸಿಕೊಳ್ಳುತ್ತಾರೆ. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ನಮ್ಮ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾದವು. "ಬ್ಯಾಂಕು ವಿಲೀನವಾಗಿದೆ, ನಿಮ್ಮ ಖಾತೆ ನಿಂತುಹೋಗುತ್ತದೆ, ಸಂಖ್ಯೆಯನ್ನು ಹೇಳಿ" ಎಂಬ ಕರೆ ಬಂದರೆ ಉತ್ತರ ಕೊಡದೆ ಶಾಖೆಗೆ ಹೋಗಿ ಕೇಳತಕ್ಕದ್ದು. ಕಿಸಾನ್ ಯೋಜನೆಯ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಅನ್ವಯಗಳನ್ನು ಮುಟ್ಟಕೂಡದು.

ಖಾತೆಯನ್ನು ಬಾಡಿಗೆಗೆ ಕೊಡುವ ಅನರ್ಥ

ಬಡ ಕೂಲಿಯವರನ್ನು ಮರುಳುಮಾಡಿ, ಎರಡು ಮೂರು ಸಾವಿರ ರೂಪಾಯಿ ಕೈಗಿಟ್ಟು, ಅವರ ಹೆಸರಿನಲ್ಲಿ ಖಾತೆ ತೆರೆಸಿ, ಕಾರ್ಡನ್ನೂ ಮೊಬೈಲ್ ಸಿಮ್ಮನ್ನೂ ತೆಗೆದುಕೊಂಡು ಹೋಗುವ ದಂಧೆಯೊಂದು ದೇಶದಲ್ಲೆಲ್ಲ ನಡೆಯುತ್ತಿದೆ. ಪರರಿಂದ ದೋಚಿದ ಹಣವನ್ನು ಆ ಖಾತೆಯ ಮೂಲಕ ಸಾಗಿಸುತ್ತಾರೆ. ಕಡೆಗೆ ಪೊಲೀಸಿನವರು ಬರುವುದು ಖಾತೆಯಲ್ಲಿ ಯಾರ ಹೆಸರಿದೆಯೋ ಅವರ ಮನೆಗೆ. ಕಾಯಿ ಕೀಳುವವರೂ ಸುಲಿಯುವವರೂ ನಾರಿನ ಕಾರ್ಖಾನೆಯ ಕೂಲಿಯವರೂ ಇಂಥಾ ಬಲೆಗೆ ಬೀಳದಂತೆ ಅವರಿಂದ ಕೆಲಸ ಮಾಡಿಸುವ ಹಿಡುವಳಿದಾರರು ತಿಳಿಯಹೇಳಬೇಕು.

ಗ್ರಾಮಮುಖಂಡರ ಕರ್ತವ್ಯ

ನೋಂದಣಿಯ ಕಾಲ ಬಂದಾಗ ಊರಿನವರ ಆಧಾರ್, ಪಹಣಿ, ಪಾಸ್‌ಬುಕ್ಕುಗಳ ಪ್ರತಿಗಳನ್ನೆಲ್ಲ ಒಬ್ಬರೇ ಕೂಡಿಸಿ, ಚೀಲಕ್ಕೆ ಹಾಕಿಕೊಂಡು ಹೋಗಿ ಕೆಲಸ ಮಾಡಿಸಿಕೊಂಡು ಬರುವ ಪದ್ಧತಿಯು ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಇದು ಉಪಕಾರಬುದ್ಧಿಯಿಂದ ಮಾಡತಕ್ಕದ್ದೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಒಂದು ಚೀಲದಲ್ಲಿ ಇಡೀ ಗ್ರಾಮದ ಹಣದ ಬೀಗದ ಕೈಗಳಿರುತ್ತವೆ. ಚೀಲವು ಕಳೆದರೂ, ಯಾರಾದರೂ ಅದರ ಛಾಯಾಚಿತ್ರ ತೆಗೆದುಕೊಂಡರೂ, ಅಪವಾದವು ಬರುವುದು ಮುಖಂಡರ ಮೇಲೆಯೇ. ಆದುದರಿಂದ ಪತ್ರಗಳನ್ನು ಕೂಡಿಸುವುದಕ್ಕೆ ಬದಲಾಗಿ ಜನರನ್ನು ಕೂಡಿಸಿ ಕರೆದುಕೊಂಡು ಹೋಗಬೇಕು. ಅಥವಾ ಶಾಖೆಯ ಅಧಿಕಾರಿಗಳನ್ನು ಒಂದು ದಿನ ಊರಿಗೇ ಬರಮಾಡಿಕೊಳ್ಳಬೇಕು. ಜನರ ಪ್ರತಿಗಳನ್ನು ವಾಟ್ಸಾಪಿನ ಗುಂಪುಗಳಿಗೆ ಹಾಕಿಸಕೂಡದು. ಕೊಟ್ಟ ಸಾಲಕ್ಕೆ ಭದ್ರವೆಂದು ಆಳುಕಾಳುಗಳ ಪಾಸ್‌ಬುಕ್ಕನ್ನೂ ಕಾರ್ಡನ್ನೂ ಇಟ್ಟುಕೊಳ್ಳುವ ರೂಢಿಯು ಎಲ್ಲಿಯಾದರೂ ಇದ್ದರೆ ಅದನ್ನು ಬಿಡಿಸತಕ್ಕದ್ದು.

ಗೃಹಲಕ್ಷ್ಮಿಯ ಹಣವು ಹೆಂಗಸರ ಖಾತೆಗೆ ಬರುವುದರಿಂದ, ಹೆಂಗಸರಿಗೂ ಈ ಸಂಗತಿಗಳನ್ನು ತಿಳಿಸುವುದು ಅತ್ಯಾವಶ್ಯಕ. ಖಾತೆಯು ಅವರದು, ಗುಪ್ತಸಂಖ್ಯೆಯೂ ಅವರಲ್ಲಿಯೇ ಇರಬೇಕು.

ಹಣ ಹೋದ ಪಕ್ಷದಲ್ಲಿ

ತಿಳಿಯದೆ ಹಣ ಹೋಗಿದೆಯೆಂದು ಕಂಡೊಡನೆ ನಾಚಿಕೆಯಿಂದಲೋ ಭಯದಿಂದಲೋ ಸುಮ್ಮನಿರಕೂಡದು. ಮೊದಲು 1930ಕ್ಕೆ ದೂರವಾಣಿ ಮಾಡಬೇಕು. ಹಣವು ಕೈಯಿಂದ ಕೈಗೆ ಸಾಗುವ ಮುನ್ನ ಅದನ್ನು ತಡೆಯಲು ಏರ್ಪಟ್ಟ ಸಂಖ್ಯೆಯಿದು. ಬಳಿಕ ಶಾಖೆಗೆ ಲಿಖಿತ ದೂರನ್ನು ಕೊಟ್ಟು ಸ್ವೀಕೃತಿಯನ್ನು ಪಡೆಯಬೇಕು. ಪೊಲೀಸ್ ಠಾಣೆಗೂ ದೂರು ಕೊಡಬೇಕು. ಆಧಾರಿನ ಬೆರಳಿಗೆ ಬೀಗ ಹಾಕಬೇಕು. ಆಧಾರಿನ ವಿಚಾರಕ್ಕೆ 1947 ಎಂಬ ಸಂಖ್ಯೆಯಿದೆ. ಖಾತೆದಾರನ ತಪ್ಪಿಲ್ಲದೆ, ಬ್ಯಾಂಕಿನ ಲೋಪವೂ ಇಲ್ಲದೆ, ಮೂರನೆಯವರಿಂದ ನಷ್ಟವಾಗಿದ್ದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗಾಗಿ ತಿಳಿಸಿದರೆ, ಖಾತೆದಾರನು ನಷ್ಟವನ್ನು ಹೊರಬೇಕಾದ್ದಿಲ್ಲವೆಂದು ರಿಸರ್ವ್ ಬ್ಯಾಂಕಿನವರು 2017ರ ಜುಲೈ 6ರ ಸುತ್ತೋಲೆಯಲ್ಲಿ ನಿಯಮ ಮಾಡಿದರು. ಗುಪ್ತಸಂಖ್ಯೆಯನ್ನು ತಾನೇ ಹೇಳಿಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟವು ಅವನದೇ. ಬ್ಯಾಂಕಿನವರು ಮೂವತ್ತು ದಿನಗಳೊಳಗೆ ಪರಿಹಾರ ಮಾಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರವರಿಗೆ ಬರೆದುಕೊಳ್ಳಬಹುದು, ಅದಕ್ಕೆ ಶುಲ್ಕವಿಲ್ಲ.

ಮೇಲೆ ಹೇಳಿದ ಸಂಗತಿಗಳನ್ನು ಮುಖಂಡರು ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಬೇಕೆಂದೂ, 1930 ಮತ್ತು 1947 ಎಂಬ ಎರಡು ಸಂಖ್ಯೆಗಳನ್ನು ಹಾಲಿನ ಡೈರಿಯ ಗೋಡೆಯ ಮೇಲೆಯೂ ಸಹಕಾರ ಸಂಘದ ಗೋಡೆಯ ಮೇಲೆಯೂ ಬರೆಯಿಸಬೇಕೆಂದೂ ಕೋರಲಾಗಿದೆ.